ಓದಿದ ಮೇಲೆ ಪ್ರಶ್ನೆ ಬದಲಾಗಬೇಕು

(ಸಮಾಜ ವಿಜ್ಞಾನಗಳ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಕ್ಲಾಸ್ ಲೂಮನ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞರಿದ್ದರು. 1960ರ ದಶಕದ ಕೊನೆಗೆ ಬೀಲೆಫೆಲ್ಡ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಸೇರಿದಾಗ, ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ ಕೇಳಿದರು: ನಿಮ್ಮ ಸಂಶೋಧನಾ ಯೋಜನೆ ಏನು? ಲೂಮನ್ ಕೊಟ್ಟ ಉತ್ತರ ಮೂರೇ ಮಾತು. ವಿಷಯ, ಸಮಾಜದ ಸಿದ್ಧಾಂತ. ಅವಧಿ, ಮೂವತ್ತು ವರ್ಷ. ವೆಚ್ಚ, ಏನೂ ಇಲ್ಲ. ಹೇಳಿದ ಹಾಗೆಯೇ ನಡೆದುಕೊಂಡರು ಕೂಡ. ಆ ಯೋಜನೆಯ ಕೊನೆಯ ದೊಡ್ಡ ಗ್ರಂಥ 1997ರಲ್ಲಿ ಹೊರಬಂತು, ಮರುವರ್ಷ ಅವರು ತೀರಿಕೊಂಡರು.

ನಿಮ್ಮಲ್ಲಿ ಯಾರಾದರೂ ಇಂಥ ಸಿನಾಪ್ಸಿಸ್ ಕೊಟ್ಟರೆ ಅದು ಮೊದಲ ಮೇಜನ್ನೇ ದಾಟುವುದಿಲ್ಲ. ನಿಮಗಿರುವುದು ಮೂರೋ ನಾಲ್ಕೋ ವರ್ಷ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೂರೋ ನಾಲ್ಕೋ ತಿಂಗಳು. ಆದ್ದರಿಂದ ಇವತ್ತು ಲೂಮನ್ನರ ಯೋಜನೆಯನ್ನು ಪಕ್ಕಕ್ಕಿಟ್ಟು ಅವರ ಬಳಿ ಇದ್ದ ಇನ್ನೊಂದು ವಸ್ತುವಿನ ಕಡೆ ನಿಮ್ಮ ಗಮನ ಸೆಳೆಯುತ್ತೇನೆ: ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ಸುಮಾರು 90,000 ಚೀಟಿಗಳು. ಓದಿದ್ದನ್ನೂ ಓದುವಾಗ ಹೊಳೆದದ್ದನ್ನೂ ಒಂದೊಂದು ಚೀಟಿಗೆ ಒಂದೊಂದು ವಿಚಾರದಂತೆ ಬರೆದು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಈ ಚೀಟಿ ಆ ಚೀಟಿಯನ್ನು ನೋಡು ಎಂದು ಕೊಂಡಿ ಹಾಕಿಟ್ಟಿದ್ದರು. ಓದು ಅವರಿಗೆ ಯೋಜನೆಯ ಎರಡನೇ ಅಧ್ಯಾಯವಾಗಿರಲಿಲ್ಲ. ಯೋಜನೆ ಅದರೊಳಗಿಂದಲೇ ಬೆಳೆಯಿತು.

ನಮ್ಮಲ್ಲಿ ನಡೆಯುವುದು ತಿರುವುಮುರುವು. ಮೊದಲು ಶೀರ್ಷಿಕೆ ನಿಗದಿಯಾಗುತ್ತದೆ. ಆಮೇಲೆ ಉದ್ದೇಶಗಳು, ಪ್ರಾಕ್ಕಲ್ಪನೆ, ಪ್ರಶ್ನಾವಳಿ. ಇವೆಲ್ಲ ಮುಗಿದು, ಕ್ಷೇತ್ರಕಾರ್ಯವೂ ಅರ್ಧ ಆದ ಮೇಲೆ, 'ಅಯ್ಯೋ, ರಿವ್ಯೂ ಆಫ್ ಲಿಟರೇಚರ್ ಬರೆಯಬೇಕಲ್ಲ' ಎಂದು ನೆನಪಾಗುತ್ತದೆ. ಆಗ ಮೂವತ್ತು ನಲವತ್ತು ಲೇಖನಗಳ ಸಾರಾಂಶ ಎತ್ತಿ ಸಾಲಾಗಿ ಜೋಡಿಸುತ್ತೇವೆ. ನಾನೂ ಹಾಗೆಯೇ ಮಾಡಿದವನು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಓದಿದ ಮೇಲೂ ನಿಮ್ಮ ಪ್ರಶ್ನೆ ಮೊದಲಿದ್ದ ಹಾಗೆಯೇ ಇದ್ದರೆ ನೀವು ಮಾಡಿದ್ದು ಸಾಹಿತ್ಯ ಪರಾಮರ್ಶೆಯಲ್ಲ, ಹಾಜರಿ ಕರೆದದ್ದು.

ಈ 'ಸಾಹಿತ್ಯ' ಎಂಬ ಪದವೂ ಕನ್ನಡದಲ್ಲಿ ಸ್ವಲ್ಪ ತೊಂದರೆ ಕೊಡುತ್ತದೆ ಬಿಡಿ. ಕೇಳಿದ ಕೂಡಲೇ ಕಥೆ, ಕವಿತೆ ಕಣ್ಮುಂದೆ ಬರುತ್ತದೆ. ಇಲ್ಲಿ ಅದರರ್ಥ, ನಿಮ್ಮ ಪ್ರಶ್ನೆಯ ಬಗ್ಗೆ ನಿಮಗಿಂತ ಮೊದಲು ಕಷ್ಟಪಟ್ಟವರು ಬರೆದಿಟ್ಟದ್ದು. ಲೇಖನ, ಗ್ರಂಥ, ಪ್ರಬಂಧ, ಸರ್ಕಾರಿ ವರದಿ, ಜನಗಣತಿಯ ಕೋಷ್ಟಕ ಎಲ್ಲವೂ ಬರುತ್ತದೆ.

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಒಂದು ವಿಷಯ ತಂದರು: 'ವೃದ್ಧರ ಒಂಟಿತನ: ಒಂದು ಸಮಾಜಶಾಸ್ತ್ರೀಯ ಅಧ್ಯಯನ'. ಆ 'ಒಂದು ಅಧ್ಯಯನ' ಎಂಬ ಬಾಲವನ್ನು ಮೊದಲು ಕತ್ತರಿಸಿದೆವು. ಅದಿಲ್ಲದಿದ್ದರೂ ಅಧ್ಯಯನ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಕೇಳಿದೆ, 'ಏನು ಸಿಗಬಹುದು ಅಂದುಕೊಂಡಿದ್ದೀಯಮ್ಮ?' 'ಮಕ್ಕಳು ದೂರ ಹೋದ ಮೇಲೆ ಹಿರಿಯರಿಗೆ ಒಂಟಿತನ ಕಾಡುತ್ತೆ ಸರ್.' ಇದು ಎಲ್ಲರಿಗೂ ಗೊತ್ತಿರುವ ಮಾತು. ಇದನ್ನು ಸಾಬೀತು ಮಾಡಲು ಮೂರು ವರ್ಷ ಬೇಕೆ?

ನಾನು ಬಳಸುವ ಒಂದು ಸಣ್ಣ ಪರೀಕ್ಷೆ ಇದೆ. ನಿಮ್ಮ ಪ್ರಶ್ನೆಗೆ ಬರಬಹುದಾದ ಎರಡು ಬೇರೆ ಬೇರೆ ಉತ್ತರ ಬರೆದು ತನ್ನಿ. ಎರಡೂ ನಂಬುವ ಹಾಗಿರಬೇಕು, ಎರಡರ ಬೆನ್ನಿಗೂ ಕಾರಣವಿರಬೇಕು. ಎರಡನೆಯ ಉತ್ತರ ಹೊಳೆಯುತ್ತಲೇ ಇಲ್ಲ ಎಂದರೆ ನಿಮ್ಮ ಕೈಯಲ್ಲಿರುವುದು ಪ್ರಶ್ನೆಯಲ್ಲ, ಮೊದಲೇ ತೀರ್ಮಾನವಾಗಿರುವ ಅಭಿಪ್ರಾಯ. ಆಕೆಗೆ ಎರಡನೆಯ ಉತ್ತರ ಹೊಳೆಯಲಿಲ್ಲ. ಹಾಗಾಗಿ ಪ್ರಶ್ನಾವಳಿಯ ಮಾತು ಬೇಡ, ಆರು ವಾರ ಓದಿ ಬಾ ಎಂದು ಕಳಿಸಿದೆ.

ಓದಲು ಕೂತ ಮೊದಲ ವಾರವೇ ಒಂದು ಪೆಟ್ಟು ಬಿತ್ತು. ಒಬ್ಬರೇ ವಾಸಿಸುವುದು ಬೇರೆ, ಒಂಟಿತನ ಅನುಭವಿಸುವುದು ಬೇರೆ. ಮನೆ ತುಂಬ ಜನರಿದ್ದೂ ಒಂಟಿತನದಲ್ಲಿ ಬೇಯುವವರಿದ್ದಾರೆ, ಒಬ್ಬರೇ ಇದ್ದು ನೆಮ್ಮದಿಯಾಗಿರುವವರೂ ಇದ್ದಾರೆ. ಹೇಳಿದರೆ ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ಭಾಷೆಗೇ ಇದು ಗೊತ್ತಿದೆ. 'ಏಕಾಂತ' ಮತ್ತು 'ಒಂಟಿತನ' ಎಂಬ ಎರಡು ಪದ ಇಟ್ಟುಕೊಂಡಿದ್ದೇವೆ. ಆದರೆ ಆಕೆಯ ಕರಡು ಪ್ರಶ್ನಾವಳಿಯಲ್ಲಿ ಒಂಟಿತನ ಅಳೆಯಲು ಇದ್ದದ್ದು ಒಂದೇ ಪ್ರಶ್ನೆ: 'ಮನೆಯಲ್ಲಿ ಎಷ್ಟು ಜನ ಇದ್ದೀರಿ?'

ಎರಡನೆಯದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಹೇಳಿದ್ದು. ಒಂಟಿತನದಲ್ಲಿ ಎರಡು ಬಗೆ. ಮನಸ್ಸಿಗೆ ತೀರಾ ಹತ್ತಿರದ ಒಂದು ಜೀವ ಇಲ್ಲದೆ ಹುಟ್ಟುವ ಭಾವನಾತ್ಮಕ ಒಂಟಿತನ ಒಂದು. ನಾಲ್ಕು ಜನರ ಒಡನಾಟ, ತಾನೂ ಒಂದು ಬಳಗಕ್ಕೆ ಸೇರಿದವನು ಎಂಬ ಭಾವ ಇಲ್ಲದೆ ಹುಟ್ಟುವ ಸಾಮಾಜಿಕ ಒಂಟಿತನ ಇನ್ನೊಂದು. ಒಂದನ್ನು ಕೊಟ್ಟು ಇನ್ನೊಂದನ್ನು ತುಂಬಲಾಗುವುದಿಲ್ಲ ಎಂಬುದು ಅವರ ವಾದ. ಸಂಗಾತಿಯನ್ನು ಕಳೆದುಕೊಂಡವರಿಗೆ ಎಷ್ಟು ಸ್ನೇಹಿತರಿದ್ದರೂ ಆ ಜಾಗ ಖಾಲಿಯೇ.

ಮೂರನೆಯದು ಅಳತೆಗೋಲಿನ ಸಂಗತಿ. ಒಂಟಿತನ ಅಳೆಯಲು ಜಗತ್ತಿನಲ್ಲಿ ತುಂಬ ಬಳಕೆಯಲ್ಲಿರುವ, ರಸೆಲ್ ಮತ್ತಿತರರು ರೂಪಿಸಿದ ಯುಸಿಎಲ್‌ಎ ಮಾಪಕ 1978ರದ್ದು. ಅದರಲ್ಲಿ 20 ಹೇಳಿಕೆಗಳಿವೆ. ಅದನ್ನು ಮೊದಲು ರೂಪಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು ಇಟ್ಟುಕೊಂಡು. ಹಿರಿಯರಿಗೆ ಕೇಳುವ ಮುನ್ನ ಇದು ತಿಳಿದಿರಬೇಡವೇ? 2004ರಲ್ಲಿ ದೊಡ್ಡ ದೂರವಾಣಿ ಸಮೀಕ್ಷೆಗಳಿಗೆಂದು ಇದನ್ನು ಮೂರೇ ಪ್ರಶ್ನೆಗೆ ಇಳಿಸಿದರು: ಜೊತೆಗಾರರಿಲ್ಲ ಎಂದು ಎಷ್ಟು ಸಲ ಅನಿಸುತ್ತದೆ, ನಿಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಎಷ್ಟು ಸಲ ಅನಿಸುತ್ತದೆ, ಎಲ್ಲರಿಂದ ಬೇರೆಯಾಗಿಬಿಟ್ಟಿದ್ದೇನೆ ಎಂದು ಎಷ್ಟು ಸಲ ಅನಿಸುತ್ತದೆ. ಗಮನಿಸಿ, ಈ ಮೂರರಲ್ಲಿ 'ಒಂಟಿತನ' ಎಂಬ ಪದವೇ ಇಲ್ಲ. ನೇರವಾಗಿ ಕೇಳಿದರೆ ಒಪ್ಪಿಕೊಳ್ಳಲು ಜನರಿಗೆ ಸಂಕೋಚ.

ಆರು ವಾರದ ನಂತರ ಆಕೆ ತಂದ ಪ್ರಶ್ನೆ ಇದು: ಸಂಗಾತಿಯನ್ನು ಕಳೆದುಕೊಂಡ, 65 ದಾಟಿದ ಹಿರಿಯರಲ್ಲಿ, ದೂರದಲ್ಲಿರುವ ಮಕ್ಕಳ ಫೋನ್ ಕರೆ ಯಾವ ಬಗೆಯ ಒಂಟಿತನವನ್ನು ತಗ್ಗಿಸುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ?

ನೋಡಿ, ಈಗ ಇದಕ್ಕೆ ಎರಡಲ್ಲ, ನಾಲ್ಕು ಉತ್ತರ ಸಾಧ್ಯ. ಎಡವಲೂ ಜಾಗವಿದೆ. ಪ್ರತಿದಿನ ಕರೆ ಬರುವವರಲ್ಲೇ ಒಂಟಿತನ ಹೆಚ್ಚು ಕಂಡುಬಂದರೆ ಏನು ಹೇಳುತ್ತೀರಿ? ಕರೆಯಿಂದ ಒಂಟಿತನ ಹೆಚ್ಚಾಯಿತು ಎನ್ನುತ್ತೀರೋ, ಅಮ್ಮ ಕುಗ್ಗಿದ್ದಾಳೆ ಎಂದು ಗೊತ್ತಾಗಿ ಮಕ್ಕಳೇ ಹೆಚ್ಚು ಕರೆ ಮಾಡುತ್ತಿದ್ದಾರೆ ಎನ್ನುತ್ತೀರೋ? ಕಾರಣ ಯಾವುದು, ಪರಿಣಾಮ ಯಾವುದು ಎಂಬ ಈ ಗಂಟು ಕ್ಷೇತ್ರಕ್ಕೆ ಹೋಗಿ ಬಂದ ಮೇಲೆ ಹೊಳೆದರೆ ಮಾಡುವಂಥದ್ದೇನೂ ಇರುವುದಿಲ್ಲ. ಮೊದಲೇ ಹೊಳೆದದ್ದರಿಂದ 'ಕರೆಗಳು ಯಾವಾಗಿನಿಂದ ಹೆಚ್ಚಾದವು, ಅದಕ್ಕೂ ಮುಂಚೆ ಹೇಗಿದ್ದಿರಿ' ಎಂಬ ಎರಡು ಪ್ರಶ್ನೆ ಪ್ರಶ್ನಾವಳಿಯೊಳಗೆ ಬಂದು ಕೂತವು. ಅಷ್ಟರಿಂದಲೇ ಗಂಟು ಪೂರ್ತಿ ಬಿಚ್ಚಿಕೊಳ್ಳುತ್ತದೆ ಎಂದಲ್ಲ, ಹಿಡಿದೆಳೆಯಲು ಒಂದು ತುದಿಯಾದರೂ ಸಿಕ್ಕಿತು.

ನಾವು ಕೇಳುವ ಪ್ರಶ್ನೆ ಎಷ್ಟರಮಟ್ಟಿಗೆ ನಾವು ಕಾಣುವುದನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಮೆಕ್ಸಿಕೋದ ತೆಪೊಸ್ಟ್‌ಲಾನ್ ಎಂಬ ಹಳ್ಳಿಯ ಕಥೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ 1920ರ ದಶಕದಲ್ಲಿ ಅಲ್ಲಿದ್ದು ಬರೆದ ಗ್ರಂಥ 1930ರಲ್ಲಿ ಬಂತು. ಅದರಲ್ಲಿ ಹೊಂದಿಕೊಂಡು ಬಾಳುವ, ಬಹುಮಟ್ಟಿಗೆ ನೆಮ್ಮದಿಯ ಹಳ್ಳಿ ಇದೆ. ಇನ್ನೊಬ್ಬ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ 1940ರ ದಶಕದಲ್ಲಿ ಅದೇ ಹಳ್ಳಿಗೆ ಹೋದರು. 1951ರಲ್ಲಿ ಬಂದ ಅವರ ಗ್ರಂಥದಲ್ಲಿ ಬಡತನ, ಜಗಳ, ಅಪನಂಬಿಕೆ, ಭಯ. ಯಾರು ಸರಿ ಎಂದು ದೊಡ್ಡ ಚರ್ಚೆಯಾಯಿತು. ರೆಡ್‌ಫೀಲ್ಡ್ ಆಮೇಲೆ ಕೊಟ್ಟ ಉತ್ತರ ದೊಡ್ಡ ಮನಸ್ಸಿನದು: ನನ್ನ ಪುಸ್ತಕದ ಹಿಂದೆ ಅಡಗಿದ್ದ ಪ್ರಶ್ನೆ, ಈ ಜನ ಯಾವುದರಲ್ಲಿ ಸುಖ ಕಾಣುತ್ತಾರೆ ಎಂಬುದು, ಲೂಯಿಸ್ ಅವರ ಪುಸ್ತಕದ ಹಿಂದಿದ್ದದ್ದು, ಇವರು ಯಾವುದರಿಂದ ನರಳುತ್ತಾರೆ ಎಂಬುದು. ನಿಮ್ಮ ಪ್ರಸ್ತಾವನೆಯ ಹಿಂದೆಯೂ ಅಂಥದ್ದೊಂದು ಅಡಗಿ ಕೂತಿರುತ್ತದೆ. ಬೇರೆಯವರ ಬರಹವನ್ನು ಎದುರಿಗಿಟ್ಟುಕೊಳ್ಳದೆ ಅದು ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ.

ಇನ್ನು ಹುಡುಕುವ ಕೆಲಸ. ಇದರಲ್ಲಿ ಹೇಳಲು ಬಹಳ ಇಲ್ಲ, ಮಾಡಬೇಕಾದದ್ದು ಬಹಳ ಇದೆ. ಒಂದೇ ಪದದಿಂದ ಹುಡುಕಿದರೆ ಒಂದೇ ಗುಂಪಿನವರು ಬರೆದದ್ದು ಸಿಗುತ್ತದೆ. 'ಲೋನ್ಲಿನೆಸ್' ಎಂದು ಹುಡುಕಿದರೆ ಮನಶ್ಶಾಸ್ತ್ರಜ್ಞರು, 'ಸೋಶಿಯಲ್ ಐಸೊಲೇಶನ್' ಎಂದರೆ ಆರೋಗ್ಯ ಕ್ಷೇತ್ರದವರು, 'ಲಿವಿಂಗ್ ಅಲೋನ್' ಎಂದರೆ ಜನಸಂಖ್ಯಾಶಾಸ್ತ್ರಜ್ಞರು ಹೆಚ್ಚು ಸಿಗುತ್ತಾರೆ. ಒಬ್ಬರ ಬರಹ ಇನ್ನೊಬ್ಬರು ಓದಿರುವುದೇ ಅಪರೂಪ. ಹಾಗಾಗಿ ಒಂದು ಹಾಳೆಯಲ್ಲಿ ನಿಮ್ಮ ವಿಷಯಕ್ಕಿರುವ ಎಲ್ಲ ಹೆಸರುಗಳನ್ನೂ ಬರೆದುಕೊಳ್ಳಿ. ಯಾವ ತಾರೀಖು, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ, ಎಷ್ಟು ಸಿಕ್ಕಿತು ಎಂದು ಅದೇ ಹಾಳೆಯಲ್ಲಿ ಗುರುತು ಮಾಡಿ. ಆರು ತಿಂಗಳ ಮೇಲೆ ಇದೇ ಹುಡುಕಾಟ ಮತ್ತೆ ಮಾಡಬೇಕಾಗುತ್ತದೆ. ಆಗ ನಿಮಗೆ ನೀವೇ ಧನ್ಯವಾದ ಹೇಳಿಕೊಳ್ಳುತ್ತೀರಿ.

ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಎರಡೂ ದಿಕ್ಕಿಗೆ ನಡೆಯಿರಿ. ಹಿಂದಕ್ಕೆ ಎಂದರೆ ಅದರ ಉಲ್ಲೇಖಪಟ್ಟಿ. ಮುಂದಕ್ಕೆ ಎಂದರೆ ಆ ಲೇಖನವನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದರು ಎಂಬುದು. ಈ ಮುಂದಿನ ದಾರಿಯನ್ನು ತೆರೆದವರು ಯುಜೀನ್ ಗಾರ್ಫೀಲ್ಡ್. 1964ರಲ್ಲಿ ಅವರ ಸಯನ್ಸ್ ಸೈಟೇಶನ್ ಇಂಡೆಕ್ಸ್ ಬಂದಾಗ ಅದು ದಪ್ಪ ದಪ್ಪ ಸಂಪುಟಗಳ ವ್ಯವಹಾರ. 2004ರಲ್ಲಿ ಗೂಗಲ್ ಸ್ಕಾಲರ್ ಬಂದ ಮೇಲೆ ಪ್ರತಿ ಲೇಖನದ ಕೆಳಗೆ 'ಸೈಟೆಡ್ ಬೈ' ಎಂಬ ಕೊಂಡಿಯಾಗಿ ಪುಕ್ಕಟೆ ಸಿಗುತ್ತಿದೆ. ಆದರೂ ಅದನ್ನು ಒತ್ತುವ ವಿದ್ಯಾರ್ಥಿಗಳು ಕಡಿಮೆ. ಹಾಗೆ ಮುಂದಕ್ಕೆ ನಡೆದಾಗಲೇ ಆ ಲೇಖನವನ್ನು ಯಾರು ಖಂಡಿಸಿದರು, ಅದು ಹಿಂತೆಗೆದುಕೊಂಡ ಲೇಖನವೇ ಎಂಬುದೂ ತಿಳಿಯುವುದು. ಡೀಡೆರಿಕ್ ಸ್ಟಾಪೆಲ್ ಎಂಬ ಡಚ್ ಸಾಮಾಜಿಕ ಮನಶ್ಶಾಸ್ತ್ರಜ್ಞರ ದತ್ತಾಂಶ ಕಟ್ಟುಕಥೆ ಎಂದು 2011ರಲ್ಲಿ ಬಯಲಾಗಿ ಅವರ ಐವತ್ತಕ್ಕೂ ಹೆಚ್ಚು ಲೇಖನಗಳು ವಾಪಸಾದವು. ವಾಪಸಾದ ಲೇಖನದ ಪಿಡಿಎಫ್ ನಿಮ್ಮ ಕಂಪ್ಯೂಟರಿನಿಂದ ತಾನಾಗಿ ಅಳಿಸಿಹೋಗುವುದಿಲ್ಲ.

ಓದುವಾಗ ಕಥೆ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಬೇಡಿ. ಸಾರಾಂಶ ನೋಡಿ, ನೇರ ಅಧ್ಯಯನ ವಿಧಾನಕ್ಕೆ ಹೋಗಿ. ಯಾರನ್ನು ಕೇಳಿದರು, ಎಷ್ಟು ಜನ, ಹೇಗೆ ಆಯ್ದರು, ಏನು ಕೇಳಿದರು. ಆಮೇಲೆ ಕೋಷ್ಟಕಗಳು. ಆಮೇಲೆ ಲೇಖಕರೇ ಒಪ್ಪಿಕೊಂಡ ಮಿತಿಗಳು. ಚರ್ಚೆಯ ಭಾಗ ಕೊನೆಗಿರಲಿ. ಅವರು ಹೇಳಿದ್ದನ್ನು ನಂಬುವ ಮೊದಲು ಅವರು ಕಂಡದ್ದೇನು ಎಂದು ನೋಡಿ ನಿಮ್ಮದೇ ಒಂದು ತೀರ್ಮಾನಕ್ಕೆ ಬನ್ನಿ.

ಈಗ ನನ್ನದೇ ಒಂದು ಮಾನ ಹೋದ ಪ್ರಸಂಗ. ನನ್ನ ಪ್ರಬಂಧದಲ್ಲಿ ಒಬ್ಬ ವಿದ್ವಾಂಸರ ಮಾತನ್ನು ಒಂದು ವಾದಕ್ಕೆ ಆಧಾರವಾಗಿ ಬಳಸಿದ್ದೆ. ಮೂಲ ಪುಸ್ತಕ ನಾನು ನೋಡಿರಲಿಲ್ಲ. ಬೇರೊಬ್ಬರ ಲೇಖನದಲ್ಲಿ ಉಲ್ಲೇಖ ಸಿಕ್ಕಿತ್ತು, ಅಡಿಟಿಪ್ಪಣಿ ಸಮೇತ ಎತ್ತಿಕೊಂಡಿದ್ದೆ. ವೈವಾದಲ್ಲಿ ಪರೀಕ್ಷಕರು ಆ ಪುಟ ತೆರೆದು, 'ಈ ಪುಸ್ತಕ ಓದಿದ್ದೀರಾ?' ಎಂದರು. ಓದಿದ್ದೇನೆ ಎಂದೆ. ಅದು ಎರಡನೇ ತಪ್ಪು. 'ಮುಂದಿನ ವಾಕ್ಯ ಏನು ಗೊತ್ತಾ?' ಎಂದರು. ನನಗೆ ಗೊತ್ತಿರಲಿಲ್ಲ. ಮುಂದಿನ ವಾಕ್ಯ 'ಆದರೆ' ಎಂದು ಶುರುವಾಗಿ, ನಾನು ಉಲ್ಲೇಖಿಸಿದ್ದನ್ನು ಪೂರ್ತಿ ತಳ್ಳಿಹಾಕುತ್ತಿತ್ತು. ಆ ವಿದ್ವಾಂಸರು ತಮ್ಮ ಎದುರಾಳಿಗಳ ವಾದವನ್ನು ಮೊದಲು ಹೇಳಿ ಆಮೇಲೆ ಖಂಡಿಸಿದ್ದರು. ನಾನು ಎದುರಾಳಿಯ ಮಾತನ್ನು ಅವರ ಬಾಯಿಗೆ ಹಾಕಿದ್ದೆ. ಪದವಿ ಸಿಕ್ಕಿತು, ಆದರೆ ಆ 'ಆದರೆ' ಇವತ್ತಿಗೂ ಮರೆತಿಲ್ಲ.

ಇಂಥ ತಪ್ಪು ನನ್ನೊಬ್ಬನದಲ್ಲ ಎಂಬ ಸಮಾಧಾನಕ್ಕೆ ಪಾಲಕ್ ಸೊಪ್ಪಿನ ಪ್ರಸಂಗ ಇದೆ. ಪಾಲಕ್‌ನಲ್ಲಿ ಕಬ್ಬಿಣಾಂಶ ಹೇರಳ ಎಂಬ ನಂಬಿಕೆ ಹುಟ್ಟಿದ್ದು ಹಿಂದೊಮ್ಮೆ ಯಾರೋ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟದ್ದರಿಂದ ಎಂಬ ಮಾತು ನೀವೂ ಕೇಳಿರುತ್ತೀರಿ. ವಿಜ್ಞಾನದಲ್ಲಿ ಎಷ್ಟು ಎಚ್ಚರ ಬೇಕು ನೋಡಿ ಎಂದು ಬುದ್ಧಿ ಹೇಳುವವರೆಲ್ಲ ಇದನ್ನು ಹೇಳುತ್ತಾರೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಎಂಬ ವೈದ್ಯರು ಬರೆದ ಲೇಖನವೊಂದರಿಂದ ಈ ಕಥೆ ಹರಡಿತು. ಅಲ್ಲಿ ಅವರು ಇದಕ್ಕೆ ಆಧಾರ ಕೊಟ್ಟಿರಲಿಲ್ಲ. 2010ರಲ್ಲಿ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞರು ಮೂಲ ಹುಡುಕಿಕೊಂಡು ಹೊರಟರೆ ಆ ದಶಮಾಂಶದ ತಪ್ಪಿಗೆ ಪುರಾವೆಯೇ ಸಿಗಲಿಲ್ಲ. ಎಚ್ಚರಿಕೆಯ ಪಾಠ ಹೇಳಲು ಬಳಸಿದ ಕಥೆಯನ್ನೇ ಯಾರೂ ಎಚ್ಚರದಿಂದ ನೋಡಿರಲಿಲ್ಲ. 2014ರಲ್ಲಿ ಓಲೆ ಬ್ಯೋರ್ನ್ ರೆಕ್‌ಡಾಲ್ ಎಂಬ ನಾರ್ವೆಯ ಮಾನವಶಾಸ್ತ್ರಜ್ಞರು ಇದರ ಬಗ್ಗೆಯೇ ಒಂದು ಲೇಖನ ಬರೆದರು, ತಮಾಷೆಯಾಗಿದೆ, ಓದಿ.

ಈಗ ಇದಕ್ಕೆ ಹೊಸ ರೂಪ ಬಂದಿದೆ. ಎಐ ಚಾಟ್‌ಬಾಟ್ ಕೇಳಿದರೆ ಲೇಖಕರ ಹೆಸರು, ವರ್ಷ, ಸಂಪುಟ, ಪುಟ ಎಲ್ಲ ಇರುವ, ಆದರೆ ಜಗತ್ತಿನಲ್ಲೇ ಇಲ್ಲದ ಲೇಖನವನ್ನು ಕೊಟ್ಟುಬಿಡಬಹುದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹಾಗೆ ಸಿಕ್ಕ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ನನ್ನ ನಿಯಮ ಸರಳ: ಯಾವ ಪುಟವನ್ನು ಕಣ್ಣಾರೆ ಕಂಡಿಲ್ಲವೋ ಅದು ಉಲ್ಲೇಖಪಟ್ಟಿಗೆ ಬರಕೂಡದು. ಮೂಲ ಸಿಗಲೇ ಇಲ್ಲವೆಂದರೆ 'ಇಂಥವರ ಲೇಖನದಲ್ಲಿ ಉಲ್ಲೇಖಿತ' ಎಂದು ಬರೆಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಟಿಪ್ಪಣಿಗೆ ಲೂಮನ್ನರಂತೆ 90,000 ಚೀಟಿ ಬೇಡ. ಒಂದು ಕೋಷ್ಟಕ ಸಾಕು. ಅಡ್ಡಸಾಲಿನಲ್ಲಿ ಒಂದೊಂದು ಅಧ್ಯಯನ. ನೀಟ ಸಾಲಿನಲ್ಲಿ ಅವರ ಪ್ರಶ್ನೆ, ಯಾರನ್ನು ಕೇಳಿದರು, ಹೇಗೆ ಅಳೆದರು, ಏನು ಸಿಕ್ಕಿತು, ಪುಟ ಸಂಖ್ಯೆ. ಕೊನೆಗೊಂದು ಕಾಲಂ ಇರಲಿ: 'ನನಗೆ ಯಾಕೆ ಒಪ್ಪಿಗೆಯಿಲ್ಲ'. ಆ ಕಾಲಂ ಖಾಲಿ ಉಳಿದರೆ ನೀವು ಓದಿದ್ದೀರಿ, ಆದರೆ ಆ ಲೇಖನದ ಜೊತೆ ಇನ್ನೂ ಮಾತಿಗಿಳಿದಿಲ್ಲ.

ಬರೆಯುವಾಗ ಏನಾಗುತ್ತದೆ ನೋಡಿ. ಆ ವಿದ್ಯಾರ್ಥಿನಿಯ ಮೊದಲ ಕರಡಿನ ಧಾಟಿ ಹೀಗಿತ್ತು: 'ವೈಸ್ (1973) ಒಂಟಿತನದಲ್ಲಿ ಎರಡು ಬಗೆಗಳಿವೆ ಎಂದಿದ್ದಾರೆ. ರಸೆಲ್ ಮತ್ತಿತರರು (1978) ಒಂಟಿತನದ ಮಾಪಕವನ್ನು ರೂಪಿಸಿದ್ದಾರೆ. ಡಿ ಯಾಂಗ್ ಗಿಯರ್‌ವೆಲ್ಡ್ ಇನ್ನೊಂದು ಮಾಪಕವನ್ನು ರೂಪಿಸಿದ್ದಾರೆ.' ಎಲ್ಲವೂ ನಿಜ, ಯಾವುದಕ್ಕೂ ಯಾವುದೂ ಅಂಟಿಕೊಂಡಿಲ್ಲ. ಈ ಮೂರು ವಾಕ್ಯಗಳ ಕ್ರಮ ಬದಲಿಸಿದರೂ ಏನೂ ಆಗುವುದಿಲ್ಲ. ಅದೇ ರೋಗದ ಲಕ್ಷಣ.

ಎರಡನೇ ಕರಡು: 'ಒಂಟಿತನ ಒಂದೇ ಅನುಭವವೋ ಎರಡೋ ಎಂಬಲ್ಲೇ ಭಿನ್ನಾಭಿಪ್ರಾಯವಿದೆ. ವೈಸ್ ಎರಡು ಎಂದರು. ರಸೆಲ್ ಮತ್ತಿತರರ ಮಾಪಕ ಅದನ್ನು ಒಂದೇ ಅಂಕವಾಗಿ ಕೊಡುತ್ತದೆ. ಡಿ ಯಾಂಗ್ ಗಿಯರ್‌ವೆಲ್ಡ್ ಅವರ 11 ಹೇಳಿಕೆಗಳ ಮಾಪಕ ಭಾವನಾತ್ಮಕ ಮತ್ತು ಸಾಮಾಜಿಕ ಒಂಟಿತನವನ್ನು ಬೇರೆ ಬೇರೆಯಾಗಿ ಎಣಿಸಲು ಬಿಡುತ್ತದೆ. ಫೋನ್ ಕರೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಹಾಗೇ ಬಿಡಬಹುದು ಎಂಬುದು ಈ ಅಧ್ಯಯನದ ಶಂಕೆಯಾದ್ದರಿಂದ ಎರಡನೆಯ ಮಾಪಕವನ್ನು ಆರಿಸಿಕೊಂಡಿದೆ.' ಅದೇ ಮೂವರು. ಆದರೆ ಈಗ ಅವರು ಜಗಳ ಆಡುತ್ತಿದ್ದಾರೆ, ಜಗಳದ ಕೊನೆಗೆ ಒಂದು ನಿರ್ಧಾರ ಹುಟ್ಟಿದೆ. ಪರಾಮರ್ಶೆ ಇಲ್ಲಿ ಅಧ್ಯಯನ ವಿಧಾನಕ್ಕೆ ಕೆಲಸ ಮಾಡಿಕೊಟ್ಟಿತು.

ಅಚ್ಚಾಗಿದ್ದಷ್ಟೇ ಸಾಹಿತ್ಯವಲ್ಲ ಎಂಬ ಒಂದು ಮಾತನ್ನೂ ಸೇರಿಸುತ್ತೇನೆ. ಏನೂ ಪರಿಣಾಮ ಕಾಣದ ಅಧ್ಯಯನಗಳು ಮೇಜಿನ ಖಾನೆಯಲ್ಲೇ ಉಳಿಯುತ್ತವೆ ಎಂದು ರಾಬರ್ಟ್ ರೋಸೆಂಥಾಲ್ 1979ರಲ್ಲೇ ಎಚ್ಚರಿಸಿದ್ದರು. 2014ರಲ್ಲಿ ಸಾಮಾಜಿಕ ವಿಜ್ಞಾನಗಳ 221 ಸಮೀಕ್ಷಾ ಪ್ರಯೋಗಗಳ ಜಾಡು ಹಿಡಿದು ನೋಡಿದಾಗ, ಪರಿಣಾಮ ಕಾಣದ ಅಧ್ಯಯನಗಳಲ್ಲಿ ಸುಮಾರು 65 ಶೇಕಡಾ ಬರಹದ ರೂಪಕ್ಕೇ ಬಂದಿರಲಿಲ್ಲ. ಗಟ್ಟಿ ಫಲಿತಾಂಶ ಬಂದವುಗಳಲ್ಲಿ ಹಾಗೆ ಉಳಿದದ್ದು 4 ಶೇಕಡಾ ಮಾತ್ರ. ಹತ್ತು ಲೇಖನ ಒಂದೇ ಮಾತು ಹೇಳುತ್ತಿವೆ ಎಂದರೆ ಹೇಳದೆ ಉಳಿದವೆಷ್ಟೋ ಎಂದೂ ಯೋಚಿಸಿ. ಸಿದ್ಧಪ್ರಬಂಧಗಳನ್ನು, ಸಮ್ಮೇಳನದ ಕರಡುಗಳನ್ನು ಹುಡುಕಬೇಕು ಎನ್ನುವುದು ಇದಕ್ಕೇ.

ಈಗ ಯೋಜನೆ. ಪ್ರಶ್ನೆ ಹದಕ್ಕೆ ಬಂದ ಮೇಲೆ ಇದರಲ್ಲಿ ಅರ್ಧ ತಾನಾಗಿ ಕೂಡಿಬರುತ್ತದೆ. ಉಳಿದರ್ಧದಲ್ಲಿ ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಜನ ಹೇಳುವುದೂ ಮಾಡುವುದೂ ಒಂದೇ ಅಲ್ಲ. ರಿಚರ್ಡ್ ಲಾಪಿಯರ್ ಎಂಬ ಅಮೆರಿಕನ್ ಸಮಾಜಶಾಸ್ತ್ರಜ್ಞರು 1930ರ ದಶಕದ ಆರಂಭದಲ್ಲಿ ಒಬ್ಬ ಚೀನೀ ದಂಪತಿಯ ಜೊತೆ ಅಮೆರಿಕದಲ್ಲಿ ಸುತ್ತಾಡಿದರು. ಚೀನೀಯರ ವಿರುದ್ಧ ಪೂರ್ವಗ್ರಹ ದಟ್ಟವಾಗಿದ್ದ ಕಾಲ. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಜಾಗವಿಲ್ಲ ಎಂದದ್ದು ಒಂದೇ ಕಡೆ. ಆರು ತಿಂಗಳ ಮೇಲೆ ಅದೇ ಜಾಗಗಳಿಗೆ, ಚೀನೀ ಜನಾಂಗದವರನ್ನು ಒಳಗೆ ಬಿಟ್ಟುಕೊಳ್ಳುತ್ತೀರಾ ಎಂದು ಪತ್ರ ಬರೆದು ಕೇಳಿದರೆ, ಉತ್ತರಿಸಿದವರಲ್ಲಿ 90 ಶೇಕಡಾಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಪ್ರಶ್ನಾವಳಿ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯಲಾರದು ಎಂದು ಅದನ್ನು ಹಂಚುವ ಮೊದಲೇ ಕೇಳಿಕೊಳ್ಳಿ. ನಮ್ಮ ಉದಾಹರಣೆಯಲ್ಲೇ, 'ಮಗ ವಾರಕ್ಕೆ ಎಷ್ಟು ಸಲ ಕರೆ ಮಾಡ್ತಾನೆ?' ಎಂದರೆ ಯಾವ ತಾಯಿ ಕಡಿಮೆ ಹೇಳುತ್ತಾಳೆ? ಅವರ ಒಪ್ಪಿಗೆ ಪಡೆದು ಫೋನಿನ ಕಾಲ್ ಲಾಗ್ ಒಟ್ಟಿಗೆ ಕೂತು ನೋಡಿದರೆ ಸಿಗುವುದೇ ಬೇರೆ.

ಮಾತಿನ ಆಯ್ಕೆಯೂ ಅಷ್ಟೇ. 1941ರಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ: ಪ್ರಜಾಪ್ರಭುತ್ವದ ವಿರುದ್ಧ ಭಾಷಣಕ್ಕೆ 'ಅವಕಾಶ ಕೊಡಬೇಕೆ' ಎಂದಾಗ ಕೊಡಬಾರದು ಎಂದವರು 62 ಶೇಕಡಾ. 'ನಿಷೇಧಿಸಬೇಕೆ' ಎಂದಾಗ ನಿಷೇಧಿಸಿ ಎಂದವರು 46 ಶೇಕಡಾ. ತರ್ಕದಲ್ಲಿ ಎರಡೂ ಒಂದೇ. 'ನಿಷೇಧ' ಎಂಬ ಪದ ಬಾಯಿಗೆ ಕಹಿ, ಅಷ್ಟೇ. ಆದ್ದರಿಂದ ಹತ್ತು ಹದಿನೈದು ಜನರ ಮೇಲೆ ಪೈಲಟ್, ಅಂದರೆ ಪೂರ್ವಪರೀಕ್ಷೆ, ಮಾಡಿ. ಮಾಡುವಾಗ ಉತ್ತರವನ್ನು ಬರೆದುಕೊಳ್ಳುವುದಕ್ಕಿಂತ, 'ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು?' ಎಂದು ಕೇಳಿ.

ಮಾದರಿಯ ಗಾತ್ರದ ಬಗ್ಗೆ ಒಂದು ಕೋಪ ತೀರಿಸಿಕೊಳ್ಳುತ್ತೇನೆ. ಯಾವ ಪ್ರಬಂಧ ತೆರೆದರೂ 384. ಕ್ರೆಜ್ಸಿ ಮತ್ತು ಮಾರ್ಗನ್ ಎಂಬುವರ 1970ರ ಕೋಷ್ಟಕದಿಂದ ಎತ್ತಿದ ಸಂಖ್ಯೆ. ದೊಡ್ಡ ಜನಸಮುದಾಯದಿಂದ ಯಾದೃಚ್ಛಿಕವಾಗಿ ಆಯ್ದಾಗ, 95 ಶೇಕಡಾ ವಿಶ್ವಾಸ ಮಟ್ಟದಲ್ಲಿ, 5 ಶೇಕಡಾ ಅತ್ತಿತ್ತ ಇರಲು ಒಪ್ಪಿದಾಗ ಬರುವ ಸಂಖ್ಯೆ ಅದು. ಎದುರಿಗೆ ಸಿಕ್ಕವರನ್ನು ಕೇಳಿ 384 ತುಂಬಿಸಿದರೆ ಅದಕ್ಕೂ ಆ ಲೆಕ್ಕಕ್ಕೂ ಸಂಬಂಧವಿಲ್ಲ. ಸಂಖ್ಯೆಯೊಂದೇ ಕಾಯುವುದಾಗಿದ್ದರೆ 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸೋಲುತ್ತಿರಲಿಲ್ಲ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಸುಮಾರು ಒಂದು ಕೋಟಿ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸ ತೆಗೆದುಕೊಂಡದ್ದು ಹೆಚ್ಚಾಗಿ ದೂರವಾಣಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಉತ್ತರಿಸುವ ಹುಮ್ಮಸ್ಸಿದ್ದವರೂ ಒಂದು ಕಡೆಯವರೇ ಹೆಚ್ಚು.

ವೇಳಾಪಟ್ಟಿಯ ವಿಷಯ ಕೇಳಿದರೆ ನಗು ಬರುತ್ತದೆ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬುವರು ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನೇ ಕೇಳಿದರು: ಎಷ್ಟು ದಿನದಲ್ಲಿ ಮುಗಿಸುತ್ತೀರಿ? ಸರಾಸರಿ 33.9 ದಿನ ಎಂದರು. ಎಲ್ಲವೂ ಕೆಟ್ಟು ಕೂತರೆ? 48.6 ದಿನ. ನಿಜಕ್ಕೂ ತೆಗೆದುಕೊಂಡದ್ದು 55.5 ದಿನ. ಅತಿ ಕೆಟ್ಟ ಊಹೆಯನ್ನೂ ಮೀರಿತು. ನಿಮ್ಮ ಅಂದಾಜನ್ನು ನಂಬಬೇಡಿ, ನಿಮ್ಮ ವಿಭಾಗದ ಹಿಂದಿನ ಐದು ಜನ ಎಷ್ಟು ತಿಂಗಳು ತೆಗೆದುಕೊಂಡರು ಎಂದು ಕೇಳಿ, ಅದನ್ನೇ ಹಾಕಿ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳಿಗೆ ಮೂರು ಪ್ರತಿ ಮಾಡಿಟ್ಟಿದ್ದರು. ಮೂರೂ ಸ್ಟ್ಯಾನ್‌ಫರ್ಡ್‌ನ ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೂರೂ ಹೋದವು. ಅವರು ನೆನಪಿನ ಬಲದಿಂದ ಆ ಊರನ್ನು ಬರೆದರು, ಅದು ದೊಡ್ಡ ಕೃತಿಯೇ ಆಯಿತು. ನನಗೆ ನಿಮಗೆ ಆ ನೆನಪಿನ ಶಕ್ತಿ ಇಲ್ಲ.

ನೈತಿಕ ಒಪ್ಪಿಗೆಯನ್ನು ಒಂದು ಫಾರಂ ಎಂದುಕೊಳ್ಳಬೇಡಿ. ಸಂಗಾತಿಯನ್ನು ಕಳೆದುಕೊಂಡವರ ಎದುರು ಕೂತು ಒಂಟಿತನದ ಬಗ್ಗೆ ಕೇಳುತ್ತೀರಿ, ಅವರು ಅಳುತ್ತಾರೆ. ಆಗ ಏನು ಮಾಡುತ್ತೀರಿ ಎಂಬುದು ನಿಮ್ಮ ಯೋಜನೆಯಲ್ಲಿ ಬರೆದಿರಬೇಕು. 1931-32ರಲ್ಲಿ ಆಸ್ಟ್ರಿಯಾದ ಮರಿಯೆನ್‌ತಾಲ್‌ನಲ್ಲಿ, ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿದ್ದಾಗ ಮರೀ ಯಾಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ತಂಡ ಒಂದು ಕಟ್ಟಳೆ ಹಾಕಿಕೊಂಡಿತ್ತು: ಬರೀ ನೋಡುವವರಾಗಿ ಯಾರೂ ಊರಿನಲ್ಲಿರಬಾರದು, ಊರಿಗೆ ಉಪಯೋಗವಾಗುವ ಒಂದು ಕೆಲಸ ಹಿಡಿದೇ ಇರಬೇಕು. ಬಟ್ಟೆ ಹಂಚಿದರು, ವೈದ್ಯರನ್ನು ಕರೆತಂದರು. ಆ ತಂಡ ಮೊದಲು ಹೊರಟದ್ದು ಕಾರ್ಮಿಕರ ಬಿಡುವಿನ ಕಾಲವನ್ನು ಅಧ್ಯಯನ ಮಾಡಲು. ಇಷ್ಟೊಂದು ಜನ ಕೆಲಸವಿಲ್ಲದೆ ಕೂತಿರುವಾಗ ಬಿಡುವಿನ ಅಧ್ಯಯನವೇ ಎಂದು ರಾಜಕೀಯ ನಾಯಕ ಒಟ್ಟೋ ಬಾವರ್ ಗದರಿದ ಮೇಲೆ ಪ್ರಶ್ನೆ ಬದಲಾಯಿತು. ಕಡೆಗೆ ಅವರಿಗೆ ಸಿಕ್ಕದ್ದು ಬಿಡುವಿನ ಬಗ್ಗೆಯೇ ಒಂದು ದೊಡ್ಡ ಸತ್ಯ: ಎಲ್ಲ ಹೊತ್ತೂ ಖಾಲಿ ಇದ್ದವರು, ಶುಲ್ಕ ತೆಗೆದುಹಾಕಿದ ಮೇಲೂ, ಗ್ರಂಥಾಲಯದಿಂದ ಒಯ್ಯುವ ಪುಸ್ತಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತ್ತು. ಗಡಿಯಾರ ಹಿಡಿದು ಅಳೆದರು.

*

ಪ್ರಶ್ನೆ: ಸರ್, ಓದು ಎಲ್ಲಿ ನಿಲ್ಲಿಸಬೇಕು? ಮುಗಿಯುವುದೇ ಇಲ್ಲ.

ಮುಗಿಯುವುದಿಲ್ಲ, ನಿಲ್ಲಿಸಬೇಕು. ಹೊಸ ಲೇಖನದ ಉಲ್ಲೇಖಪಟ್ಟಿ ನೋಡಿದಾಗ ಎಲ್ಲವೂ ಪರಿಚಯದ ಹೆಸರುಗಳೇ ಎನಿಸತೊಡಗಿದರೆ, ಮೂರು ನಾಲ್ಕು ಲೇಖನಗಳಿಂದ ನಿಮ್ಮ ಕೋಷ್ಟಕಕ್ಕೆ ಹೊಸ ಕಾಲಂ ಬೇಕಾಗದಿದ್ದರೆ, ಕ್ಷೇತ್ರಕ್ಕೆ ಹೊರಡಿ. ಭಯಕ್ಕೆ ಓದುತ್ತಲೇ ಇರುವವರನ್ನೂ ಕಂಡಿದ್ದೇನೆ. ಜನರ ಎದುರು ಹೋಗಿ ಕೂರುವುದಕ್ಕಿಂತ ಪುಸ್ತಕದ ಎದುರು ಕೂರುವುದು ಸುಲಭ. ವಾರಕ್ಕೆ ಒಂದೆರಡು ಗಂಟೆ ಮಾತ್ರ ಕೊನೆಯವರೆಗೂ ಓದಿಗೆ ಇರಲಿ.

ಪ್ರಶ್ನೆ: ನನ್ನ ವಿಷಯದ ಮೇಲೆಯೇ, ಹೆಚ್ಚುಕಡಿಮೆ ಅದೇ ಶೀರ್ಷಿಕೆಯಲ್ಲಿ, ಹೋದ ತಿಂಗಳು ಬೇರೆಯವರ ಲೇಖನ ಬಂದಿದೆ. ನಾನು ವಿಷಯ ಬದಲಿಸಬೇಕೇ?

ಒಂದೇ ಊರಿನ ಮೇಲೆ ರೆಡ್‌ಫೀಲ್ಡ್, ಲೂಯಿಸ್ ಇಬ್ಬರೂ ಬರೆದರಲ್ಲ? ಶೀರ್ಷಿಕೆ ಒಂದೇ ಇದ್ದ ಮಾತ್ರಕ್ಕೆ ಪ್ರಶ್ನೆ ಒಂದೇ ಇರಬೇಕಿಲ್ಲ. ಅವರು ಯಾರನ್ನು ಕೇಳಿದ್ದಾರೆ ಎಂದೆ. ಸರಿಯಾಗಿ ನೋಡಿಲ್ಲ ಸರ್, ಸಾರಾಂಶ ಓದಿ ಗಾಬರಿಯಾಯಿತು ಎಂದರು. ಕೊನೆಯಲ್ಲಿ ಅನುಬಂಧವಾಗಿ ಪ್ರಶ್ನಾವಳಿ ಕೊಟ್ಟಿದ್ದಾರಾ ಎಂದೆ. ಅದನ್ನೂ ನೋಡಿಲ್ಲ ಎಂದರು. ಹಾಗಾದರೆ ಇವತ್ತು ರಾತ್ರಿ ಅದನ್ನು ನೋಡಿ, ನಾಳೆ ಮಾತಾಡೋಣ ಎಂದೆ.